ರೂನಿ ನಿಯಮ: ಸಂದರ್ಶನಕ್ಕೆ ಕರೆದರೆ ಸಾಕಾ?

ಶಿರಸಿಯ ನಮ್ಮ ಓದುಗುಂಪಿನಲ್ಲಿ ಹಲವರು ರೂನಿ ನಿಯಮವನ್ನು ‘ಕೋಚ್ ಹುದ್ದೆಗೆ ಮೀಸಲಾತಿ’ ಎಂದು ಬರೆದುಕೊಂಡಿದ್ದಾರೆ. ಅದು ಮೀಸಲಾತಿ ಅಲ್ಲ. ಅಮೆರಿಕದ ಎನ್‌ಎಫ್‌ಎಲ್ (ಹೆಲ್ಮೆಟ್ ಹಾಕಿ ಆಡುವ ಫುಟ್‌ಬಾಲ್‌ನ ಲೀಗ್) 2003ರಲ್ಲಿ ತಂದ ನಿಯಮ ಇಷ್ಟೇ: ಮುಖ್ಯ ಕೋಚ್ ಹುದ್ದೆ ಖಾಲಿಯಾದರೆ ಅಲ್ಪಸಂಖ್ಯಾತ ಜನಾಂಗದ ಒಬ್ಬರನ್ನಾದರೂ ಸಂದರ್ಶನಕ್ಕೆ ಕರೆಯಬೇಕಿತ್ತು. ಕೆಲಸ ಕೊಡಲೇಬೇಕು ಅಂತೇನಿಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮಾಲೀಕ ಡ್ಯಾನ್ ರೂನಿ ಈ ನಿಯಮ ಸೂಚಿಸಿದ ಸಮಿತಿಯ ಅಧ್ಯಕ್ಷರಾಗಿದ್ದರು, ಹಾಗಾಗಿ ಆ ಹೆಸರು.

ಆಟಗಾರರಲ್ಲಿ ಜಾಸ್ತಿ ಜನ ಕಪ್ಪು ವರ್ಣೀಯರು. ಆದರೆ 2002ರಲ್ಲಿ 32 ತಂಡಗಳಲ್ಲಿ ಕಪ್ಪು ಮುಖ್ಯ ಕೋಚ್ ಇದ್ದದ್ದು ಇಬ್ಬರೇ. ಆ ವರ್ಷ ವಕೀಲರಾದ ಸೈರಸ್ ಮೆಹ್ರಿ ಮತ್ತು ಜಾನಿ ಕಾಕ್ರನ್ ವರದಿಯೊಂದನ್ನು ಹೊರತಂದರು. 15 ವರ್ಷಗಳ ಲೆಕ್ಕದಲ್ಲಿ ಕಪ್ಪು ಕೋಚ್‌ಗಳು ಬಿಳಿಯ ಕೋಚ್‌ಗಳಿಗಿಂತ ವರ್ಷಕ್ಕೆ ಸರಾಸರಿ 1.1 ಪಂದ್ಯ ಹೆಚ್ಚೇ ಗೆದ್ದಿದ್ದರು. ವರ್ಷಕ್ಕೆ ಇದ್ದದ್ದೇ 16 ಪಂದ್ಯ, ನೆನಪಿರಲಿ. ಮಿನ್ನೆಸೋಟ ತಂಡದ ಕಪ್ಪು ಕೋಚ್ ಡೆನ್ನಿಸ್ ಗ್ರೀನ್ ಹತ್ತು ವರ್ಷದಲ್ಲಿ ಎಂಟು ಸಲ ತಂಡವನ್ನು ಪ್ಲೇಆಫ್‌ಗೆ ಒಯ್ದಿದ್ದರು. ಗೆಲುವಿಗಿಂತ ಸೋಲು ಹೆಚ್ಚಾದ ಮೊದಲ ವರ್ಷವೇ ಕೆಲಸ ಹೋಯಿತು.

ನಿಜವಾದ ತೊಡಕು ಒಂದು ಮೆಟ್ಟಿಲು ಕೆಳಗಿದೆ. ಮುಖ್ಯ ಕೋಚ್‌ಗಳನ್ನು ಹೆಚ್ಚಾಗಿ ಆರಿಸುವುದು ಆಕ್ರಮಣದ ತಂತ್ರ ಹೆಣೆಯುವವರಿಂದ, ಕ್ವಾರ್ಟರ್‌ಬ್ಯಾಕ್ (ಆಕ್ರಮಣ ನಡೆಸುವ, ಚೆಂಡು ಎಸೆಯುವ ಆಟಗಾರ) ಕೋಚ್‌ಗಳಿಂದ. ಕಪ್ಪು ಸಹಾಯಕರಿಗೆ ಹೆಚ್ಚಾಗಿ ಸಿಗುವುದು ಚೆಂಡು ಹಿಡಿದು ಓಡುವ ಆಟಗಾರರನ್ನು ತಯಾರು ಮಾಡುವ ಕೆಲಸ. ನಮ್ಮ ಜಿಲ್ಲೆಯನ್ನೇ ನೋಡಿ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರದ ಯೋಜನೆಯೊಂದು ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಕ್ಕಳನ್ನು ಆರಿಸಿತು. ಆಫ್ರಿಕಾ ಮೂಲದವರು, ಚೆನ್ನಾಗಿ ಓಡುತ್ತಾರೆ ಎಂಬ ನಂಬಿಕೆ. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು. ಮೈಕಟ್ಟು ನೋಡಿ ಆರಿಸುವವರಿಗೆ ಓಡುವ ಹುಡುಗನಲ್ಲಿ ನಾಳೆಯ ಕೋಚ್ ಕಾಣುವುದಿಲ್ಲ, ಅಲ್ವಾ?

ನಿಯಮದ ಕಣ್ಣಿಗೆ ಮಣ್ಣೆರಚುವುದೂ ಸುಲಭ. ಯಾರನ್ನು ತೆಗೆದುಕೊಳ್ಳಬೇಕು ಎಂದು ಮೊದಲೇ ತೀರ್ಮಾನಿಸಿ, ಸುಮ್ನೆ ಒಬ್ಬಿಬ್ಬರನ್ನು ಕರೆದರೆ ಆಯಿತು. 2022ರಲ್ಲಿ ಕಪ್ಪು ಕೋಚ್ ಬ್ರಯಾನ್ ಫ್ಲೋರೆಸ್ ಎನ್‌ಎಫ್‌ಎಲ್ ಮೇಲೆ ಹೂಡಿದ ದಾವೆ ಓದಿ. ನ್ಯೂಯಾರ್ಕ್ ಜೈಂಟ್ಸ್ ತಂಡದ ಸಂದರ್ಶನಕ್ಕೆ ಇನ್ನೂ ಮೂರು ದಿನ ಇರುವಾಗಲೇ ಬೇರೊಂದು ತಂಡದ ಕೋಚ್ ಬಿಲ್ ಬೆಲಿಚಿಕ್ ಅವರಿಂದ ಅಭಿನಂದನೆಯ ಮೆಸೇಜ್ ಬಂತಂತೆ. ಅದು ಹೋಗಬೇಕಿದ್ದದ್ದು ಅದೇ ಹುದ್ದೆಯ ಇನ್ನೊಬ್ಬ ಅಭ್ಯರ್ಥಿ, ಬಿಳಿಯ ಬ್ರಯಾನ್ ಡಾಬೋಲ್‌ಗೆ. ಕೆಲಸ ಸಿಕ್ಕಿದ್ದೂ ಅವರಿಗೇ.

ಪರೀಕ್ಷೆಗೆ 2020ರ ತಿದ್ದುಪಡಿ ಬಿಡಬೇಡಿ. ತನ್ನಲ್ಲಿ ಬೆಳೆದ ಅಲ್ಪಸಂಖ್ಯಾತ ಕೋಚ್ ಬೇರೆ ತಂಡದ ಮುಖ್ಯ ಕೋಚ್ ಆದರೆ, ಬೆಳೆಸಿದ ತಂಡಕ್ಕೆ ಹೊಸ ಆಟಗಾರರ ವಾರ್ಷಿಕ ಆಯ್ಕೆಯ ಮೂರನೇ ಸುತ್ತಿನಲ್ಲಿ ಎರಡು ವರ್ಷ ತಲಾ ಒಂದು ಹೆಚ್ಚುವರಿ ಅವಕಾಶ. ಕೆಳಗಿನ ಮೆಟ್ಟಿಲಿಗೂ ಕೈಹಾಕಿದ ಭಾಗ ಇದು.