ಗೆದ್ದ ಡಿಕ್ರಿಯೂ ಒಕ್ಕದ ಜಮ್ಮಾ ಭೂಮಿಯೂ

ಸಾಲ ವಸೂಲಿಯ ದಾವೆಯಲ್ಲಿ ಗೆದ್ದವರ ಕೈಗೆ ಬರುವುದು ಡಿಕ್ರಿಯೇ (ನ್ಯಾಯಾಲಯದ ತೀರ್ಪಿನ ಆದೇಶ) ಹೊರತು ಹಣವಲ್ಲ. ಸೋತವರು ತಾವಾಗಿ ಕೊಡದಿದ್ದರೆ ಡಿಕ್ರಿದಾರರು ಅಮಲ್ಜಾರಿ (ಡಿಕ್ರಿಯನ್ನು ಜಾರಿಗೆ ತರುವ) ಅರ್ಜಿ ಹಾಕಿ, ಜಪ್ತಿ ವಾರಂಟ್ ಪಡೆದು, ನ್ಯಾಯಾಲಯದ ಜಾರಿ ಸಿಬ್ಬಂದಿಯಾದ ಅಮೀನರ ಮೂಲಕ ಸ್ವತ್ತನ್ನು ಜಪ್ತಿ ಮಾಡಿಸಿ ಹರಾಜಿಗೆ ತರಬೇಕಾಗುತ್ತದೆ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬರ್ಥದ ಮಾತನ್ನು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ಆಡಿತ್ತು.

ಇಂದಿಗೂ ಅಮಲ್ಜಾರಿ ನಡೆಯುವುದು ಮುಖ್ಯವಾಗಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಂತೆ. ಹಿಂದೆ ಮೂರು ವರ್ಷಕ್ಕೊಮ್ಮೆಯಾದರೂ ಏನಾದರೊಂದು ಅರ್ಜಿ ಹಾಕಿ ಡಿಕ್ರಿಯನ್ನು ಊರ್ಜಿತವಾಗಿ ಇಟ್ಟುಕೊಳ್ಳಬೇಕಿತ್ತು. 1963ರ ಕಾಲಮಿತಿ ಕಾಯ್ದೆ ಆ ತೊಡಕನ್ನು ತೆಗೆದು 12 ವರ್ಷಗಳ ಒಂದೇ ಅವಧಿ ಕೊಟ್ಟಿತು. ಜಪ್ತಿಯಾದ ಸ್ವತ್ತು ತನ್ನದೆಂದು ಮೂರನೆಯವರು ತಕರಾರು ಎತ್ತಿದರೆ ಬೇರೆ ದಾವೆಯ ಮೊರೆ ಹೋಗದೆ ಅಮಲ್ಜಾರಿ ನ್ಯಾಯಾಲಯವೇ ಅದನ್ನು ತೀರ್ಮಾನಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಂದ 1976ರ ತಿದ್ದುಪಡಿ ಹೇಳಿತು.

ಕೊಡಗಿನಲ್ಲಿ ಈ ತಕರಾರಿನ ಹಂತವೇ ಅತ್ಯಂತ ಜಟಿಲ. ಸಾಲಗಾರನಿಗೆ ವಿಲೇವಾರಿ ಮಾಡುವ ಅಧಿಕಾರವಿರುವ ಸ್ವತ್ತನ್ನಷ್ಟೇ ಜಪ್ತಿ ಮಾಡಬಹುದೆಂದು ಅದೇ ಸಂಹಿತೆಯ 60ನೇ ಕಲಮು ಹೇಳುತ್ತದೆ. ಆದರೆ ಅರಸರ ಕಾಲದಿಂದ ಬಂದ, ಬ್ರಿಟಿಷರು 1899ರ ಭೂಕಂದಾಯ ರೆಗ್ಯುಲೇಶನ್ನಿನಲ್ಲಿ ಕಟ್ಟುಪಾಡಿಗೆ ಒಳಪಡಿಸಿದ ಜಮ್ಮಾ ಭೂಮಿ (ವಂಶಪಾರಂಪರ್ಯದ ಹಿಡುವಳಿ) ಒಬ್ಬನದಲ್ಲ, ಒಕ್ಕದ್ದು, ಅಂದರೆ ಒಂದೇ ಮೂಲದ ಕೊಡವ ಕೂಡುಕುಟುಂಬದ್ದು. ಎಷ್ಟೋ ಕಡೆ ಪಹಣಿಯಲ್ಲಿ ತೀರಿಹೋದ ಪಟ್ಟೇದಾರರ (ಒಕ್ಕದ ಯಜಮಾನರ) ಹೆಸರೇ ಉಳಿದಿದೆ. ಸಾಲ ಮಾಡಿದವನು ಒಕ್ಕದ ಒಬ್ಬ ಸದಸ್ಯ. ಅವನ ಪಾಲು ಯಾವುದೆಂದು ತೋರಿಸುವ ಕಾಗದವೇ ಇಲ್ಲದಿದ್ದರೆ ಜಪ್ತಿಯಾಗುವುದು ಯಾವ ಗದ್ದೆ? ಉಳಿದ ಸದಸ್ಯರ ತಕರಾರಿಗೆ ಹುರುಳಿದ್ದೇ ಇರುತ್ತದೆ, ಅದನ್ನು ಬರೀ ಕಾಲಹರಣದ ತಂತ್ರವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹೀಗಿರುವಾಗ ಭೂಮಿಗಿಂತ ಫಸಲಿನ ಕಡೆ ನೋಡುವುದು ಕೆಲವೊಮ್ಮೆ ಜಾಣತನ, ಅದಕ್ಕೂ ಒಕ್ಕದ ಇತರರ ತಕರಾರು ಬರಬಹುದಾದರೂ. ನಿಂತ ಬೆಳೆಯ ಜಪ್ತಿಗೆ ವಾರಂಟಿನ ಪ್ರತಿಯನ್ನು ಆ ಜಮೀನಿನಲ್ಲೇ ಅಂಟಿಸಬೇಕು. ಕೊಯ್ಲಾಗಿದ್ದರೆ ಬೆಳೆ ರಾಶಿ ಹಾಕಿದ ಕಣದಲ್ಲಿ. ಇನ್ನೊಂದು ಪ್ರತಿ ಸಾಲಗಾರ ವಾಸಿಸುವ ಮನೆಯ ಹೊರಬಾಗಿಲಿಗೆ. ಬೆಳೆ ಕೊಯ್ಲಿಗೆ ಬರುವ ಕಾಲವನ್ನು ಅರ್ಜಿಯಲ್ಲೇ ನಮೂದಿಸಬೇಕಾದ್ದರಿಂದ, ತೋಟದಲ್ಲಿರುವುದು ನವೆಂಬರ್ ಹೊತ್ತಿಗೆ ಕೆಂಪಾಗುವ ಅರೇಬಿಕಾವೋ ಜನವರಿಯ ನಂತರ ಕೊಯ್ಯುವ ರೊಬಸ್ಟಾವೋ ಎಂಬುದು ವಕೀಲರಿಗೂ ಗೊತ್ತಿರಬೇಕು. ಉಳುವ ಎತ್ತು, ಬಿತ್ತನೆ ಬೀಜ, ಅಡುಗೆ ಪಾತ್ರೆ, ರೈತ ವಾಸವಿರುವ ಮನೆ ಜಪ್ತಿಗೆ ಒಳಪಡುವುದಿಲ್ಲ.

ಸಾಲಗಾರನನ್ನು ಸಿವಿಲ್ ಜೈಲಿಗೆ ಕಳಿಸುವ ದಾರಿಯೂ ಈಗ ಕಿರಿದಾಗಿದೆ. ಕೊಡಲು ನಿಜವಾಗಿ ಶಕ್ತಿಯಿಲ್ಲದವನನ್ನು ಬಂಧಿಸಲಾಗದೆಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಅದೇ ನ್ಯಾಯಾಲಯ 2021ರಲ್ಲಿ ನಿರ್ದೇಶಿಸಿದೆ. ಆದರೆ ಒಕ್ಕದೊಳಗೆ ಯಾರ ಪಾಲು ಎಷ್ಟೆಂಬುದು ದಾಖಲೆಗೆ ಬಾರದ ಕಡೆ ಆ ಗಡುವಿನ ಬಹುಪಾಲು ವಂಶವೃಕ್ಷ ಮತ್ತು ಹಳೆಯ ಕಂದಾಯ ಕಡತಗಳ ಹುಡುಕಾಟದಲ್ಲೇ ಸವೆಯುತ್ತದೆ.