ಪೇಡಾ ಪರೀಕ್ಷೆ ಮತ್ತು ಮನಶ್ಶಾಸ್ತ್ರದ ಪೇಚಾಟ

ಕೆಲವು ವರ್ಷದ ಹಿಂದೆ ಕಲಬುರಗಿಯಲ್ಲಿ ನಮ್ಮಂಥ ಮಾಸ್ತರುಗಳಿಗೆ ಒಂದು ತರಬೇತಿ ಇತ್ತು. ಏಪ್ರಿಲ್ ಬಿಸಿಲು, ಫ್ಯಾನ್ ತಿರುಗಿದರೂ ಬಿಸಿಗಾಳಿಯೇ. ತರಬೇತಿ ಕೊಡೋಕೆ ಬಂದವರು ಮಾರ್ಷ್‌ಮೆಲೊ ಪ್ರಯೋಗದ ಕಥೆ ಹೇಳಿದರು: ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ನಾನು ಬರೋವರೆಗೆ ಕಾದರೆ ಎರಡು ಅನ್ನಿ, ಕಾದ ಮಗು ಮುಂದೆ ಜಾಸ್ತಿ ಅಂಕ ತೆಗೆಯುತ್ತದೆ. ನಾನೂ ಶಾಲೆಯಲ್ಲಿ ಪೇಡಾ ಇಟ್ಟು ನೋಡಿದೆ. ಒಬ್ಬ ಹುಡುಗ ನಾನು ಬಾಗಿಲು ದಾಟುವಷ್ಟರಲ್ಲಿ ಗುಳುಂ ಮಾಡಿದ. ಯಾಕೋ ಅಂದರೆ, "ಮನ್ಯಾಗ ಬಿಟ್ರ ತಮ್ಮ ತಿಂತಾನ್ರಿ ಸರ್" ಅಂದ.

ಈ ಕಥೆಯ ಮೂಲ ವಾಲ್ಟರ್ ಮಿಶೆಲ್ ಅನ್ನೋ ಮನಶ್ಶಾಸ್ತ್ರಜ್ಞ. 1960ರ ದಶಕದ ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ನರ್ಸರಿಯಲ್ಲಿ ಶುರು ಮಾಡಿದ್ದು. ಅಂಕದ ಮಾತು ಬಂದಿದ್ದು 1990ರ ವರದಿಯಲ್ಲಿ, ಅದೂ ನೂರಕ್ಕಿಂತ ಕಡಿಮೆ ಮಕ್ಕಳ ಅಂಕ ನೋಡಿ.

ಆಗ ಯಾರೂ ಗೊಣಗಲಿಲ್ಲ. ಗಲಾಟೆ ಎದ್ದಿದ್ದು 2011ರಲ್ಲಿ, ಅದೂ ಬೇರೆ ಪ್ರಯೋಗಗಳ ಮೇಲೆ. ಡ್ಯಾರಿಲ್ ಬೆಮ್ ಅನ್ನೋ ಹಿರಿಯ ಪ್ರೊಫೆಸರು, ಮನುಷ್ಯರಿಗೆ ಮುಂದಾಗೋದು ಮೊದಲೇ ಗೊತ್ತಾಗುತ್ತೆ ಅಂತ ಒಂಬತ್ತು ಪ್ರಯೋಗ ಮಾಡಿ ಮನಶ್ಶಾಸ್ತ್ರದ ದೊಡ್ಡ ಜರ್ನಲ್‌ನಲ್ಲೇ, ಅಂದರೆ ಸಂಶೋಧನಾ ಪತ್ರಿಕೆಯಲ್ಲೇ, ಅಚ್ಚು ಹಾಕಿಸಿದರು. ಬೇರೆಯವರು ಮತ್ತೆ ಮಾಡಿ ನೋಡಿದರೆ ಏನೂ ಬರಲಿಲ್ಲ, ಆದರೆ ಮಾಡಿದ್ದನ್ನೇ ಮಾಡಿದ ಪ್ರಯೋಗ ನಾವು ಹಾಕಲ್ಲ ಅಂತ ಅದೇ ಜರ್ನಲ್ ವಾಪಸ್ ಕಳಿಸಿತು! ಅದೇ ವರ್ಷ ನೆದರ್ಲೆಂಡ್ಸಿನ ಡಿಡೆರಿಕ್ ಸ್ಟಾಪೆಲ್ ಅನ್ನೋ ಮನಶ್ಶಾಸ್ತ್ರಜ್ಞ ಅಂಕಿಅಂಶವನ್ನೇ ಕಟ್ಟಿ ಬರೆದಿದ್ದು ಬಯಲಾಯಿತು. ಸ್ಟಾಪೆಲ್‌ದು ಮೋಸ, ಬಿಡಿ. ಬೆಮ್ ಮಾಡಿದ್ದು ಎಲ್ಲರೂ ಮಾಡುತ್ತಿದ್ದ ಕೆಲಸ. ನನಗೆ ಭಯ ಹುಟ್ಟಿಸೋದು ಅದೇ.

ಏನದು ಕೆಲಸ? ನಮ್ಮ ಕಡೆ ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಹೊಲದಲ್ಲಿ ನೀರು ತೋರಿಸೋರು ಇರುತ್ತಾರಲ್ವಾ, ನೀರು ಬಿದ್ದ ಬೋರಿನ ಮಾತು ವರ್ಷಗಟ್ಟಲೆ ಆಡುತ್ತಾರೆ, ಒಣಗಿದ ಹತ್ತರ ಬಗ್ಗೆ ಚಕಾರವಿಲ್ಲ. ಮನಶ್ಶಾಸ್ತ್ರದಲ್ಲೂ ಹಾಗೇ. ಇಲ್ಲದ ಪರಿಣಾಮವೂ ಇಪ್ಪತ್ತರಲ್ಲಿ ಒಂದು ಸಲ ಅದೃಷ್ಟದಿಂದ ಇದ್ದ ಹಾಗೆ ಕಾಣಬಹುದು, ಅಷ್ಟು ನಡೆಯುತ್ತೆ ಅಂತ ಲೆಕ್ಕ. ಆದರೆ ಬಿದ್ದ ಒಂದು ಅಚ್ಚಾಗಿ, ಉಳಿದ ಹತ್ತೊಂಬತ್ತು ಬೀರು ಸೇರಿದರೆ?

2015ರಲ್ಲಿ ಬ್ರಯಾನ್ ನೊಸೆಕ್ ಅನ್ನೋ ಮನಶ್ಶಾಸ್ತ್ರಜ್ಞರ ತಂಡ ಮನಶ್ಶಾಸ್ತ್ರದ ಮೂರು ಜರ್ನಲ್‌ಗಳ 100 ಅಧ್ಯಯನ ಮತ್ತೆ ಮಾಡಿದ ಫಲಿತಾಂಶ ಹೊರಗಿಟ್ಟಿತು. ಮೊದಲ ಸಲ 97% ಗೆದ್ದಿದ್ದವು, ಅಂದರೆ ಪರಿಣಾಮ ಇದೆ ಅಂತ ಕಂಡಿತ್ತು. ಎರಡನೇ ಸಲ 36%. ಈಗ ಕೆಲವು ಜರ್ನಲ್‌ಗಳು ಬೋರ್ ಕೊರೆಯುವ ಮೊದಲೇ ಎಲ್ಲಿ ಕೊರೀತೀರಿ ಬರೆದುಕೊಡಿ, ಅಂದರೆ ಪ್ರಯೋಗದ ಯೋಜನೆ ಮೊದಲೇ ಕೊಡಿ, ನೀರು ಬೀಳಲಿ ಬಿಡಲಿ ಅಚ್ಚು ಹಾಕ್ತೀವಿ ಅನ್ನುತ್ತಿವೆ.

ಮಿಠಾಯಿ ಕಥೆಯ ಸರದಿ 2018ಕ್ಕೆ ಬಂತು. ಟೈಲರ್ ವಾಟ್ಸ್ ಮತ್ತಿಬ್ಬರು 900ಕ್ಕೂ ಜಾಸ್ತಿ ಮಕ್ಕಳ ಮಾಹಿತಿ ತೆಗೆದು ನೋಡಿದರು. ಕಾಯೋದಕ್ಕೂ ಅಂಕಕ್ಕೂ ಇದ್ದ ನಂಟು ಅರ್ಧಕ್ಕಿಳಿಯಿತು. ಮನೆಯ ಪರಿಸ್ಥಿತಿ, ಮಗುವಿನ ಮೊದಲಿನ ಜಾಣತನ ಲೆಕ್ಕಕ್ಕೆ ಹಿಡಿದರೆ ಆ ಅರ್ಧದಲ್ಲೂ ಮೂರರಲ್ಲಿ ಎರಡು ಪಾಲು ಕರಗಿತು.

ಈ ವರ್ಷದ ತರಬೇತಿಯಲ್ಲೂ ಅದೇ ಸ್ಲೈಡ್. ಕೈ ಎತ್ತಿ 2018ರ ವಿಷಯ ಕೇಳಿದೆ. "ಛಲೋ ಪ್ರಶ್ನಾ ಅದ ಸರ್, ಆದ್ರ ಊಟಕ್ಕ ಹೊತ್ತಾಗ್ಯದ" ಅಂದರು.