ಕೇವಲಾದೇವ್: ಎಮ್ಮೆಗಳನ್ನು ಹೊರಗೆ ಹಾಕಿದರೆ ಹಕ್ಕಿಗೇನು ತೊಂದರೆ?

ಕೇವಲಾದೇವ್ ಅಂದರೆ ರಾಜಸ್ಥಾನದ ಭರತ್‌ಪುರ ಊರಿಗೆ ಅಂಟಿಕೊಂಡೇ ಇರುವ, ಹಕ್ಕಿಗಳಿಗೆ ಹೆಸರಾದ ಉದ್ಯಾನ, ಸುಮಾರು 29 ಚದರ ಕಿ.ಮೀ. 1981ರಲ್ಲಿ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ), 1982ರಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ವಿಶ್ವ ಪರಂಪರೆ ತಾಣ. ರಾಜರು ಬಾತು ಬೇಟೆಗೆಂದು ಒಡ್ಡು ಹಾಕಿ ನೀರು ನಿಲ್ಲಿಸಿದ ಜಾಗ ಇದು. ಒಂದಷ್ಟು ಜೌಗು, ಉಳಿದದ್ದು ಕಾಡು, ಹುಲ್ಲುಗಾವಲು. ನೀರಲ್ಲೇ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನಮ್ಮ ಕೊಕ್ಕರೆಬೆಳ್ಳೂರಿಗೆ ಬರುವುದೂ ಇದೇ ಹಕ್ಕಿ.

ಈಗ ನನ್ನ ತಲೆ ತಿಂದ ವಿಷಯ. ಉದ್ಯಾನ ಆದ ವರ್ಷವೇ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಹಳ್ಳಿಯವರು ವಿರೋಧಿಸಿದಾಗ ಪೊಲೀಸರು ಗುಂಡು ಹಾರಿಸಿ ಜೀವಗಳೇ ಹೋದವು. ಮೇಯುವುದು ನಿಂತರೆ ಹಕ್ಕಿಗೆ ಒಳ್ಳೆಯದೇ ಅಲ್ವಾ? ಆಗಿದ್ದು ಉಲ್ಟಾ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಧ್ಯಯನದಲ್ಲೂ ಇದೇ ಕಂಡಿತು.

ನಿಧಾನವಾಗಿ ನೋಡಿ. ಇಲ್ಲಿನ ನೀರು ಆಳವಿಲ್ಲ, ಅದರಲ್ಲಿ ಪ್ಯಾಸ್ಪಲಮ್ ಎಂಬ ಹುಲ್ಲು ಬೆಳೆಯುತ್ತದೆ. ಎಮ್ಮೆ ದಡದಲ್ಲಿ ನಿಂತು ಮೇಯುವ ಪ್ರಾಣಿ ಅಲ್ಲ, ನೀರಿಗೇ ಇಳಿದು ಹುಲ್ಲು ತಿನ್ನುತ್ತದೆ, ತುಳಿಯುತ್ತದೆ, ಹಾಗಾಗಿ ಅಲ್ಲಲ್ಲಿ ತೆರೆದ ನೀರು ಉಳಿಯುತ್ತಿತ್ತು. ಎಮ್ಮೆ ಹೋದ ಮೇಲೆ ಹುಲ್ಲು ನೀರಿನ ಮೇಲೆ ಚಾಪೆಯಂತೆ ಹರಡಿತು. ಸತ್ತ ಹುಲ್ಲು ತಳಕ್ಕೆ ಬಿದ್ದು ಕೊಳೆತು ಹೂಳು ಜಾಸ್ತಿಯಾಯಿತು. ಈಜಿ ಮೇಯುವ ಬಾತುಗಳಿಗೆ ಜಾಗ ಇಲ್ಲ, ಮೀನಿಗೂ ಕಷ್ಟ, ಮೀನು ಕಡಿಮೆಯಾದರೆ ಕೊಕ್ಕರೆಗೂ ಕಷ್ಟ. ಪರೀಕ್ಷೆಯಲ್ಲಿ ಇದರ ಬಗ್ಗೆ ಕೇಳಿದರೆ ಉತ್ತರದಲ್ಲಿ ಸುಮ್ನೆ "ಮೇಯಿಸುವುದು ಹಾನಿಕರ" ಅಂತ ಬರೆಯಬೇಡಿ. ಎಮ್ಮೆ, ಹುಲ್ಲು, ತೆರೆದ ನೀರು, ಮೀನು, ಹಕ್ಕಿ: ಈ ಸರಪಳಿ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

1990ರಲ್ಲಿ ಇದು ಮಾಂಟ್ರೂ ದಾಖಲೆಗೆ ಸೇರಿತು. ಅದು ಅಪಾಯದಲ್ಲಿರುವ ರಾಮ್ಸಾರ್ ತಾಣಗಳ ಪಟ್ಟಿ. ಭಾರತದಿಂದ ಈಗ ಅದರಲ್ಲಿರುವುದು ಕೇವಲಾದೇವ್ ಮತ್ತು ಮಣಿಪುರದ ಲೋಕ್ತಾಕ್ ಸರೋವರ. ಮೊದಲು ಪಟ್ಟಿಯಲ್ಲಿದ್ದ ಒಡಿಶಾದ ಚಿಲಿಕಾ ಸರೋವರ 2002ರಲ್ಲಿ ಹೊರಬಂತು. ಅದೇ 2002ರಲ್ಲಿ ಚಳಿಗಾಲದ ಅತಿಥಿಗಳಾದ ಸೈಬೀರಿಯನ್ ಕ್ರೇನ್ ಹಕ್ಕಿಗಳ ಕೊನೆಯ ಜೋಡಿ ಇಲ್ಲಿ ಕಂಡದ್ದು, ಒಂದೇ ಇಸವಿ, ಎರಡೂ ಒಟ್ಟಿಗೆ ನೆನಪಿಡಬಹುದು.

ಉದ್ಯಾನಕ್ಕೆ ನೀರು ಬರುವುದು ಹತ್ತಿರದ ಅಜಾನ್ ಬಂಧ್ ಎಂಬ ಜಲಾಶಯದಿಂದ. ಮೇಲೆ ಗಂಭೀರ್ ನದಿಗೆ ಪಾಂಚನಾ ಅಣೆಕಟ್ಟು ಕಟ್ಟಿದ ಮೇಲೆ ಆ ನೀರೂ ಕಡಿಮೆಯಾಗಿ, ಚಂಬಲ್ ನೀರನ್ನು ಪೈಪಿನಲ್ಲಿ ತರಬೇಕಾಯಿತು. ಕಾಡಿನ ಭಾಗಕ್ಕೆ ನುಗ್ಗಿದ್ದು ನಮಗೆ ಗೊತ್ತಿರುವ ಬಳ್ಳಾರಿ ಜಾಲಿ. ಅದನ್ನು ಬೇರು ಸಮೇತ ಕಿತ್ತು ಸೌದೆಗೆ ಒಯ್ಯಲು ಸುತ್ತಲ ಹಳ್ಳಿಯವರಿಗೇ ಬಿಟ್ಟರು.